ಗೋದಲಿಯಲ್ಲಿ ಕೂಸಿಲ್ಲ!

ರಾತ್ರಿ ಹನ್ನೊಂದೂವರೆ. ಕ್ರಿಸ್ಮಸ್‌ಗೆ ದೀಪದ ಸರ ಎಳೆದು, ಉಡುಗೊರೆಗಳಿಗೆಲ್ಲ ಬಣ್ಣದ ಕಾಗದ ಸುತ್ತಿ ಮುಗಿಸಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ, ನೋಡ್ತೀನಿ, ಕುರುಬರಿದ್ದಾರೆ, ಕತ್ತೆಯಿದೆ, ಬಾಲಯೇಸುವೇ ಇಲ್ಲ! ಹುಡುಕಿದರೆ ಡಬ್ಬದ ತಳದಲ್ಲಿ, ಬೆನ್ನಿಗೆ ಸೆಲ್ಲೋಟೇಪು ಅಂಟಿಸಿಕೊಂಡು ಮಲಗಿದ್ದ. ನಗು ಬಂತು, ಆಮೇಲೆ ನಾಚಿಕೆಯೂ. ಯೇಸು ಹುಟ್ಟಿದಾಗ ಛತ್ರದಲ್ಲಿ ಜಾಗವಿರಲಿಲ್ಲ ಅಂತಾನೆ ಬೈಬಲಿನ ಲೂಕ, ತನ್ನ ಸುವಾರ್ತೆಯ 2ನೇ ಅಧ್ಯಾಯದಲ್ಲಿ. ನನ್ನ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ ಬಿಡಿ.

ಅದೇ ಲೂಕನ 17ನೇ ಅಧ್ಯಾಯದಲ್ಲಿ ಯೇಸುವಿನಿಂದ ವಾಸಿಯಾದ ಕುಷ್ಠರೋಗಿಗಳು 10 ಮಂದಿ. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು. ಉಳಿದ 9 ಮಂದಿ ಕೆಟ್ಟವರೇನಲ್ಲ, ಬಹುಶಃ ನನ್ನ ಹಾಗೇ ಬಿಜಿ.

ಟೇಪು ಕಿತ್ತು, ಕೂಸನ್ನು ಹುಲ್ಲಿನ ಮೇಲೆ ಮಲಗಿಸಿ, ಲೈಟ್ ಆರಿಸಿ ಐದು ನಿಮಿಷ ಸುಮ್ಮನೆ ಕೂತೆ. ಪಾತ್ರೆ ಇನ್ನೂ ಸಿಂಕಲ್ಲೇ ಇದೆ. ಇರಲಿ.