“ಇಷ್ಟು ಮಾರ್ಕ್ಸ್‌ಗೆ ಯಾವ ಸರ್ಕಾರಿ ಕಾಲೇಜು ಸಿಗಬಹುದು ಟೀಚರೇ?”

ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಶುರು. ನಾನು ಉಡುಪಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಮದುವೆ ಹಾಲ್‌ನಲ್ಲಿ ಊಟದ ಪಂಕ್ತಿಗೆ ಕೂತರೂ ಯಾರಾದರೂ ಕೇಳುತ್ತಾರೆ. ಹೋದ ವರ್ಷ ಮಲ್ಪೆ ಬಸ್ಸಿನಲ್ಲಿ ಒಬ್ಬರು ಅಮ್ಮ ಪಕ್ಕಕ್ಕೆ ಬಂದು ಕೂತರು. “ಮಗಳಿಗೆ 538 ಬಂತು ಟೀಚರೇ. ಪ್ರೈವೇಟ್ ನಮ್ಮಿಂದ ಆಗುವುದಿಲ್ಲ. ಸರ್ಕಾರಿಯಲ್ಲಿ ಎಂತ ಸಿಗಬಹುದು?”

ನಾನು ತಿರುಗಿ ಎರಡು ಪ್ರಶ್ನೆ ಕೇಳಿದೆ. ಮೊದಲನೆಯದು, 538ರಲ್ಲಿ ಯಾವ ವಿಷಯಕ್ಕೆ ಎಷ್ಟು? ಎರಡನೆಯದು, ಅವಳಿಗೆ ಎಂತ ಇಷ್ಟ? ಎರಡಕ್ಕೂ ಅವರಲ್ಲಿ ಉತ್ತರ ಇರಲಿಲ್ಲ. ಭಾನುವಾರ ಮಗಳನ್ನೂ ಮಾರ್ಕ್ಸ್ ಕಾರ್ಡನ್ನೂ ಕರೆದುಕೊಂಡು ಮನೆಗೆ ಬನ್ನಿ ಅಂದೆ.

600ಕ್ಕೆ ಎಷ್ಟು ಅನ್ನುವುದು ಊರಿಗೆ ಹೇಳುವ ಸಂಖ್ಯೆ. ಕಾಲೇಜುಗಳು ನೋಡುವ ಸಂಖ್ಯೆ ಬೇರೆ, ಅದೂ ಒಂದೊಂದು ಕಡೆ ಒಂದೊಂದು. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಮೂಲಕ ಇಂಜಿನಿಯರಿಂಗ್‌ಗೆ ಹೋಗುವುದಾದರೆ ಪಿಯು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕನ್ನಡ, ಇಂಗ್ಲಿಷ್‌ನಲ್ಲಿ ನೂರಕ್ಕೆ ನೂರು ಬಂದರೂ ಆ ರ‍್ಯಾಂಕಿಗೆ ಸೇರುವುದಿಲ್ಲ.

ಲೆಕ್ಕ ಮಾಡಿ ನೋಡೋಣ. ಒಬ್ಬಳಿಗೆ ಒಟ್ಟು 568. ಮೂರು ವಿಷಯದಲ್ಲಿ 300ಕ್ಕೆ 288, ಅಂದರೆ ಶೇ. 96. ಸಿಇಟಿಯಲ್ಲಿ 180ಕ್ಕೆ 54, ಅಂದರೆ ಶೇ. 30. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 63. ಇನ್ನೊಬ್ಬನಿಗೆ ಒಟ್ಟು ಬರೀ 510. ಮೂರು ವಿಷಯದಲ್ಲಿ 255, ಶೇ. 85. ಆದರೆ ಸಿಇಟಿಯಲ್ಲಿ 81, ಶೇ. 45. ಅವನದು 65. ರ‍್ಯಾಂಕ್ ಪಟ್ಟಿಯಲ್ಲಿ ಅವನೇ ಮುಂದೆ. ಮನೆಯಲ್ಲಿ ಸ್ವೀಟ್ ಹಂಚಿದ್ದು ಮಾತ್ರ 568 ಬಂದವಳಿಗೆ.

ನಮ್ಮ ಎರಡು ಜಿಲ್ಲೆಗಳ ಮಕ್ಕಳಿಗೆ ಇದು ಜಾಸ್ತಿ ತಾಗುತ್ತದೆ. 2025ರಲ್ಲಿ ಪಿಯು ಫಲಿತಾಂಶದಲ್ಲಿ ಉಡುಪಿ ಶೇ. 93.90ರೊಂದಿಗೆ ಮೊದಲು, ದಕ್ಷಿಣ ಕನ್ನಡ ಶೇ. 93.57ರೊಂದಿಗೆ ಎರಡನೆಯದು. ಇಡೀ ರಾಜ್ಯದ್ದು ಶೇ. 73.45. ಹಾಗಾಗಿ ಇಲ್ಲಿ ಎಲ್ಲರಿಗೂ ಪಿಯು ಅಂಕದ ಮೇಲೆ ತುಂಬಾ ಭರವಸೆ. ಆದರೆ ಒಳ್ಳೆ ಅಂಕ ತೆಗೆದವರೆಲ್ಲ ಒಂದೇ ಕಡೆ ಗುಂಪಾಗಿರುವಾಗ ಅವರನ್ನು ಹಿಂದೆ ಮುಂದೆ ಮಾಡುವುದು ಸಿಇಟಿ.

ಸುರತ್ಕಲ್‌ನ ಎನ್‌ಐಟಿಕೆಯನ್ನು ಎಲ್ಲರೂ ಕೇಳುತ್ತಾರೆ. ಬಸ್ಸಿನಲ್ಲಿ ದಿನಾ ಕಾಣುವ ಇಂಜಿನಿಯರಿಂಗ್ ಕಾಲೇಜು, ಅಲ್ವಾ. 1960ರಲ್ಲಿ ಕೆಆರ್‌ಇಸಿ ಆಗಿ ಶುರುವಾದದ್ದು, ಈಗಲೂ ಹಿರಿಯರ ಬಾಯಲ್ಲಿ ಅದೇ ಹೆಸರು. ಅಲ್ಲಿಗೆ ಸಿಇಟಿ ನಡೆಯುವುದಿಲ್ಲ. ದೇಶಕ್ಕೆಲ್ಲ ಒಂದೇ ಆಗಿ ನಡೆಯುವ ಜೆಇಇ ಮೇನ್ ಪರೀಕ್ಷೆಯ ರ‍್ಯಾಂಕ್ ಬೇಕು. ಪಿಯುನಲ್ಲಿ ಶೇ. 75 ಇರಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ. 65, ಇಲ್ಲವೇ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿರಬೇಕು. ಅರ್ಧ ಸೀಟು ಕರ್ನಾಟಕದವರಿಗೆ. ಜೆಇಇ ಬರೆಯದಿದ್ದರೆ ಪಿಯುನಲ್ಲಿ 590 ಬಂದರೂ ಆ ಗೇಟು ತೆರೆಯುವುದಿಲ್ಲ. ಮೆಡಿಕಲ್‌ಗೆ ನೀಟ್ ಪರೀಕ್ಷೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಡಿಗ್ರಿಗೆ 2022ರಿಂದ ಸಿಯುಇಟಿ ಪರೀಕ್ಷೆ.

ಇನ್ನು ಸಿಗುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಊಹೆ ಬೇಡ. ಸಿಇಟಿ ನಡೆಸುವ ಕೆಇಎ ತನ್ನ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಹಾಕುತ್ತದೆ. ಪ್ರತಿ ಕಾಲೇಜಿನ ಪ್ರತಿ ಬ್ರಾಂಚ್‌ನಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂದು ಅಲ್ಲಿ ಇರುತ್ತದೆ. ಒಂದೇ ವರ್ಷದ್ದು ಸಾಲದು, ಎರಡು ಮೂರು ವರ್ಷದ್ದು ನೋಡಿ. ಮೊದಲ ಸುತ್ತಿನದಲ್ಲ, ಕೊನೆಯ ಸುತ್ತಿನದು ನೋಡಿ. ನಿಮ್ಮ ಮೀಸಲಾತಿ ವರ್ಗದ ಕಾಲಮ್ಮನ್ನೇ ನೋಡಿ. 2ಎಜಿ, 2ಎಕೆ, 2ಎಆರ್ ಎಂದು ಬೇರೆ ಬೇರೆ ಇರುತ್ತದೆ. 2ಎ ಅಂದರೆ ವರ್ಗ, ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ.

ಇಲ್ಲೇ ನಮ್ಮ ಮಕ್ಕಳು ಕಳೆದುಕೊಳ್ಳುವುದು. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ. 15 ಸೀಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಹೆಬ್ರಿ, ಬೈಂದೂರು, ಸುಳ್ಯ ಕಡೆಯ ಎಷ್ಟೋ ಮಕ್ಕಳಿಗೆ ಇದು ಸಿಗಬೇಕು. ಆದರೆ ಅರ್ಜಿ ತುಂಬುವಾಗ ಆ ಕಾಲಮ್ ಖಾಲಿ ಬಿಡುತ್ತಾರೆ. ಇಲ್ಲವೇ ಗ್ರಾಮೀಣ ಸರ್ಟಿಫಿಕೇಟಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿರುವುದಿಲ್ಲ. ಎರಡನೇ ಪಿಯು ಶುರುವಾದಾಗಲೇ ಹಳೆ ಶಾಲೆಗೆ ಹೋಗಿ ಇದನ್ನು ಮಾಡಿಸಿಡಿ. ದಯವಿಟ್ಟು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ಆಪ್ಷನ್ ಎಂಟ್ರಿ. ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುವುದು. ನನ್ನ ಹಳೆ ವಿದ್ಯಾರ್ಥಿ ಒಬ್ಬನಿಗೆ ಬೆಂಗಳೂರಿನ ಯುವಿಸಿಇಯಲ್ಲಿ ಸಿವಿಲ್ ಓದುವ ಆಸೆ. 1917ರಷ್ಟು ಹಳೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಅದು. ಪರಿಚಯದವರು ಯಾರೋ ಹೇಳಿದರಂತೆ, “ಗ್ಯಾರಂಟಿ ಸಿಗುವುದನ್ನು ಮೊದಲು ಬರಿ.” ಅವನು ಕಾರವಾರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನು ಮೊದಲು ಬರೆದ, ಯುವಿಸಿಇಯನ್ನು ಮೂರನೆಯದಾಗಿ. ಮೊದಲನೆಯದೇ ಸಿಕ್ಕಿತು. ಆಮೇಲೆ ಕಟ್‌ಆಫ್ ನೋಡಿದರೆ ಯುವಿಸಿಇ ಸಿವಿಲ್ ಅವನ ರ‍್ಯಾಂಕಿಗೆ ಸಿಗುತ್ತಿತ್ತು. ಅವನ ಮುಖ ನನಗೆ ಇನ್ನೂ ನೆನಪಿದೆ. ಕಾರವಾರ ಕೆಟ್ಟ ಕಾಲೇಜು ಅಂತ ಅಲ್ಲ. ಉಡುಪಿಯಿಂದ ರೈಲು ಹತ್ತಿದರೆ ನೇರ ತಲುಪಬಹುದು, ಸಮುದ್ರದ ಊರೇ. ಆದರೆ ಅವನು ಬಯಸಿದ್ದು ಅದನ್ನಲ್ಲ.

ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ನಿಮ್ಮ ರ‍್ಯಾಂಕಿಗೆ ಸೀಟು ಇರುವ ಮೊದಲ ಸಾಲು ಬಂದ ಕೂಡಲೇ ನಿಲ್ಲುತ್ತದೆ. ಅದರ ಕೆಳಗಿನದೆಲ್ಲ ಹೋದಂತೆ. ಮೇಲೆ ಆಸೆಯ ಕಾಲೇಜು ಬರೆದದ್ದಕ್ಕೆ ಕೆಳಗಿನದು ತಪ್ಪಿಹೋಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಯಾವುದನ್ನು ಬರೆಯಬೇಕು ಎಂದು ಕಟ್‌ಆಫ್ ನೋಡಿ ತೀರ್ಮಾನಿಸಿ, ಯಾವ ಕ್ರಮದಲ್ಲಿ ಬರೆಯಬೇಕು ಎಂದು ಮನಸ್ಸು ನೋಡಿ ತೀರ್ಮಾನಿಸಿ. ಮಗಳ ರ‍್ಯಾಂಕ್ 24,000, ಹಿಂದಿನ ವರ್ಷ ಸೀಟು ನಿಂತದ್ದು 20,000ಕ್ಕೆ ಎಂದಾದರೆ ಅದನ್ನೂ ಬರೆಯಿರಿ. ಖಂಡಿತ ಸಿಗುವಂಥ ಎರಡು ಮೂರು ಸರ್ಕಾರಿ ಕಾಲೇಜು ಕೊನೆಯಲ್ಲಿ ಇರಲಿ. ಹಾಸನ, ಕುಶಾಲನಗರ ಇವೆ. ಸೀಟು ಸಿಕ್ಕಿದ ಮೇಲೂ ಇನ್ನೂ ಮೇಲಿನದಕ್ಕೆ ಕಾಯಬೇಕಾದರೆ ಚಾಯ್ಸ್ 2 ಎಂಬ ಆಯ್ಕೆ ಉಂಟು.

ಪಿಯು ಅಂಕವನ್ನೇ ನೋಡುವ ದಾರಿಯೂ ಉಂಟು, ಡಿಗ್ರಿ. ಇದನ್ನು ಸೋತವರ ದಾರಿ ಎಂದು ನೋಡುವುದು ನನಗೆ ತುಂಬಾ ಬೇಸರ. ಮಂಗಳೂರು ಹಂಪನಕಟ್ಟೆಯ ಯೂನಿವರ್ಸಿಟಿ ಕಾಲೇಜು 1868ರದ್ದು. ಉಡುಪಿಯ ಅಜ್ಜರಕಾಡಿನಲ್ಲಿ ಹುಡುಗಿಯರ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ, ಮಂಗಳೂರಿನ ಕಾರ್‌ಸ್ಟ್ರೀಟ್‌ನಲ್ಲೂ ಸರ್ಕಾರಿ ಕಾಲೇಜು ಇದೆ. ಮೂರು ವರ್ಷ ಬಿ.ಎಸ್ಸಿ. ಓದಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಹೋದರೆ ಸಾಗರ ಭೂವಿಜ್ಞಾನದಂಥ ಎಂ.ಎಸ್ಸಿ. ಅಲ್ಲಿ ಉಂಟು. ಬೇಡದ ಬ್ರಾಂಚ್‌ಗೆ ಸಾಲ ಮಾಡಿ ಸೇರುವುದಕ್ಕಿಂತ ಇಷ್ಟದ ವಿಷಯದಲ್ಲಿ ಡಿಗ್ರಿ ಒಳ್ಳೆಯದು ಎಂದು ನಾನು ಯಾರ ಮುಂದೆಯೂ ಹೇಳುತ್ತೇನೆ.

ಭಾನುವಾರ ಆ ಅಮ್ಮ, ಮಗಳು ಬಂದರು. ಹುಡುಗಿ ಮೊದಲು ಸುಮ್ನೆ ಕೂತಿದ್ದಳು. ಎಂತ ಇಷ್ಟ ಎಂದು ಎರಡು ಸಲ ಕೇಳಿದ ಮೇಲೆ ಹೇಳಿದಳು, ಮಂಗಳೂರು ಎಕ್ಕೂರಿನ ಮೀನುಗಾರಿಕಾ ಕಾಲೇಜು. 1969ರಲ್ಲಿ ಶುರುವಾದ ಸರ್ಕಾರಿ ಕಾಲೇಜು, ನಾಲ್ಕು ವರ್ಷದ ಬಿ.ಎಫ್.ಎಸ್ಸಿ., ಸೀಟು ಸಿಇಟಿಯಲ್ಲೇ. ಅದಕ್ಕೆ ಜೀವಶಾಸ್ತ್ರದ ಅಂಕವೂ ಸೇರುತ್ತದೆ, ಅವಳಿಗೆ ಅದರಲ್ಲೇ ಜಾಸ್ತಿ. ಅಮ್ಮನ ಮನಸ್ಸು ಇಂಜಿನಿಯರಿಂಗ್ ಮೇಲೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯಬಹುದು ಎಂದಾಗ ಇಬ್ಬರಿಗೂ ಉಸಿರು ಬಂತು.

ಹುಡುಗಿ ನೋಟ್ ಬುಕ್ಕಿನಲ್ಲಿ ಒಂದೊಂದೇ ಸಾಲು ಬರೆದಳು. ಮೇಲೆ ಎಕ್ಕೂರು.

“ಇದು ಸಿಗದಿದ್ದರೆ?” ಎಂದರು ಅಮ್ಮ.

ಅವಳು ಬೆರಳನ್ನು ಎರಡನೇ ಸಾಲಿಗೆ ಇಳಿಸಿದಳು. “ಆಗ ಇದು ಅಮ್ಮ.”