ಲೆಕ್ಕಕ್ಕೆ ಬಾರದ ಹನ್ನೆರಡು ದಿನ

ಊರು ಬಿಟ್ಟು ಹೊರಡುವವರು ತಮ್ಮಲ್ಲಿ ಉಳಿದದ್ದನ್ನು ನೆಂಟರಿಷ್ಟರಿಗೆ ಕೊಟ್ಟು ಹೋಗುವುದು ನಮ್ಮಲ್ಲಿ ತೀರ ಸಾಮಾನ್ಯ. ಮೂಡಿಗೆರೆ ಮೂಲದ ವೈದ್ಯ ಮೊಹಮ್ಮದ್ ಹನೀಫ್ 2006ರಲ್ಲಿ ಇಂಗ್ಲೆಂಡ್ ಬಿಡುವಾಗ, ಇನ್ನೂ ಒಂದಿಷ್ಟು ಉಚಿತ ಕರೆಗಳ ಸೌಲಭ್ಯ ಬಾಕಿಯಿದ್ದ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ದೂರದ ಸಂಬಂಧಿ ಸಬೀಲ್ ಅಹ್ಮದ್‌ಗೆ ಕೊಟ್ಟಿದ್ದರು. ಮರುವರ್ಷ ಜೂನ್ 30ರಂದು ಸಬೀಲ್‌ನ ಅಣ್ಣ ಕಫೀಲ್ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಜೀಪು ನುಗ್ಗಿಸಿ ಬೆಂಕಿ ಹಚ್ಚಿದ. ಆಗ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿದ್ದ ಹನೀಫ್, ಆರು ದಿನಗಳ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದ ಮಗಳನ್ನು ನೋಡಲು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣಕ್ಕೆ ಬಂದಾಗ ಪೊಲೀಸರು ಅವರನ್ನು ಬಂಧಿಸಿದರು.

ಅಲ್ಲಿನ ಕಾನೂನಿನ ಪ್ರಕಾರ ಭಯೋತ್ಪಾದನೆಯ ಶಂಕಿತನೊಬ್ಬನನ್ನು ಆರೋಪ ಹೊರಿಸದೆ ಒಟ್ಟು 24 ಗಂಟೆ ಮಾತ್ರ ಪ್ರಶ್ನಿಸಬಹುದಿತ್ತು. ಆದರೆ ಆತ ವಿಶ್ರಾಂತಿ ಪಡೆದ ಹೊತ್ತು, ವಕೀಲರೊಡನೆ ಮಾತನಾಡಿದ ಹೊತ್ತು, ಬೇರೆ ದೇಶದಿಂದ ಮಾಹಿತಿ ಬರಲೆಂದು ಪೊಲೀಸರು ಕಾದ ಹೊತ್ತು, ಇವೆಲ್ಲ 'ಡೆಡ್ ಟೈಮ್' ಎನಿಸಿಕೊಂಡು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹೀಗೆ ಗಡಿಯಾರವನ್ನು ನಿಲ್ಲಿಸುತ್ತ ನಿಲ್ಲಿಸುತ್ತ 24 ಗಂಟೆಗಳು ಹನ್ನೆರಡು ದಿನಗಳಾದವು. ಸೆರೆಯಲ್ಲಿದ್ದವನಿಗೆ ಮಾತ್ರ ಆ ಹೊತ್ತು ನಿಂತಿರಲಿಲ್ಲ.

ಜುಲೈ 14ರಂದು, ಭಯೋತ್ಪಾದಕ ಸಂಘಟನೆಗೆ ಅಜಾಗರೂಕತೆಯಿಂದ ನೆರವಾದರೆಂಬ ಆರೋಪ ಬಿತ್ತು. ಸಿಮ್ ಕಾರ್ಡ್ ಗ್ಲಾಸ್ಗೋದ ಜೀಪಿನಲ್ಲಿ ಸಿಕ್ಕಿತೆಂದು ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದರು. ವಾಸ್ತವವಾಗಿ ಅದು ಸಿಕ್ಕಿದ್ದು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಲಿವರ್‌ಪೂಲ್‌ನಲ್ಲಿ, ಸಬೀಲ್ ಬಳಿ. ಹಿಂದಿರುಗುವ ಟಿಕೆಟ್ ಏಕೆ ಇಲ್ಲವೆಂಬುದಕ್ಕೆ ಹನೀಫ್ ವಿವರಣೆ ಕೊಡಲಿಲ್ಲವೆಂದು ಪೊಲೀಸರ ಪ್ರಮಾಣಪತ್ರ ಹೇಳಿತು. ಹನೀಫ್ ಪರ ವಕೀಲ ಸ್ಟೀಫನ್ ಕೀಮ್ 142 ಪುಟಗಳ ವಿಚಾರಣೆಯ ದಾಖಲೆಯನ್ನು ಪತ್ರಿಕೆಗೆ ಕೊಟ್ಟಾಗಲೇ, ಟಿಕೆಟ್ ಕೊಡಿಸಿದ್ದು ಮಾವ ಎಂಬುದೂ ಸೇರಿದಂತೆ ಆ ವಿವರಣೆ ಅದರಲ್ಲಿ ಸ್ಪಷ್ಟವಾಗಿಯೇ ಇರುವುದು ಜನರಿಗೆ ತಿಳಿದದ್ದು. ಬ್ರಿಟನ್ನಿನ ಪೊಲೀಸ್ ಅಧಿಕಾರಿಯೊಬ್ಬರನ್ನು ಸಂಪರ್ಕಿಸಲು ತಾನೇ ಹಲವು ಬಾರಿ ಫೋನ್ ಮಾಡಿದ್ದೆನೆಂದೂ ಹನೀಫ್ ಅದರಲ್ಲಿ ಹೇಳಿದ್ದರು. ತಪ್ಪಿಸಿಕೊಂಡು ಓಡುವವನು ಪೊಲೀಸರಿಗೆ ಫೋನ್ ಮಾಡುತ್ತಾನೆಯೇ ಎಂದು ಯಾರಿಗೂ ಅನ್ನಿಸಲಿಲ್ಲವೆಂದರೆ, ಉತ್ತರ ಕೇಳುವ ಮೊದಲೇ ಅದರ ಬೆಲೆ ಗೊತ್ತುಪಡಿಸಿದ್ದರೆಂದೇ ನನಗೆ ತೋರುತ್ತದೆ.

ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಅದೇ ದಿನ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್, ಅಪರಾಧದ ಶಂಕೆಯಿರುವವರೊಂದಿಗೆ ಒಡನಾಟವಿದೆಯೆಂಬ ಕಾರಣಕ್ಕೆ ವೀಸಾ ರದ್ದುಪಡಿಸಿದರು; ವೀಸಾ ಇಲ್ಲದವರನ್ನು ವಲಸೆ ಕಾನೂನಿನಡಿ ಸೆರೆಯಲ್ಲಿಡಬಹುದಾದ್ದರಿಂದ ಆ ಜಾಮೀನಿಗೆ ಅರ್ಥವೇ ಇಲ್ಲದಂತಾಯಿತು. ಮುಂದೆ ಆ ಪ್ರಕರಣ ಕೇಳಿದ ನ್ಯಾಯಮೂರ್ತಿ ಸ್ಪೆಂಡರ್, ವಕೀಲಿ ಮಾಡುತ್ತಿದ್ದಾಗ ಆರೋಪಿಗಳ ಪರ ವಾದಿಸಿದ ತಾವೂ ಒಡನಾಟದಿಂದ ನಡತೆ ಅಳೆಯುವ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲವೆಂದು ನ್ಯಾಯಾಲಯದಲ್ಲೇ ಹೇಳಿದರು. ನೆಂಟಸ್ತಿಕೆಯೇ ಒಡನಾಟ, ಒಡನಾಟವೇ ಅಪರಾಧ ಎಂದಾದರೆ ದೊಡ್ಡ ಕುಟುಂಬದಲ್ಲಿ ಹುಟ್ಟಿದ ಯಾರು ತಾನೇ ಪಾರಾಗುತ್ತಾರೆ?

ಜುಲೈ 27ರಂದು ಆರೋಪ ಹಿಂತೆಗೆದುಕೊಳ್ಳಲಾಯಿತು, ಆಗಸ್ಟ್‌ನಲ್ಲಿ ವೀಸಾ ರದ್ದತಿಯೂ ಬಿದ್ದುಹೋಯಿತು. ಹನೀಫ್ ವಿರುದ್ಧ ಮಾಹಿತಿಯಿಲ್ಲವೆಂದು ಬೇಹುಗಾರಿಕಾ ಸಂಸ್ಥೆ ಆರೋಪ ಹೊರಿಸುವ ಮೂರು ದಿನ ಮೊದಲೇ, ಅಂದರೆ ಜುಲೈ 11ರಂದೇ, ಸರ್ಕಾರಕ್ಕೆ ತಿಳಿಸಿದ್ದುದು, ಈ ಪ್ರಕರಣದ ವಿಚಾರಣೆಗೆಂದು ಅಲ್ಲಿನ ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರ ವರದಿಯಿಂದ ಹೊರಬಂತು. 2010ರಲ್ಲಿ ಪರಿಹಾರ ಸಿಕ್ಕಿತು, ಡೆಡ್ ಟೈಮ್‌ಗೆ ಏಳು ದಿನಗಳ ಮಿತಿಯೂ ಬಂತು. ಏಳು ದಿನವೂ ಕಡಿಮೆಯೇನಲ್ಲ.

ಹನೀಫ್ ಸೆರೆಯಲ್ಲಿದ್ದಾಗ ನಮ್ಮ ಪ್ರಧಾನಿ ಮನಮೋಹನ ಸಿಂಗ್, ಬಂಧಿತರ ಮನೆಯವರ ಸಂಕಟ ಕಂಡು ರಾತ್ರಿ ನಿದ್ದೆ ಬರಲಿಲ್ಲವೆಂದು ಹೇಳಿದ್ದರು. ಆ ಮಾತಿನಲ್ಲಿ ಕಪಟವಿತ್ತೆಂದು ನಾನು ಭಾವಿಸುವುದಿಲ್ಲ. ಆದರೆ ಕ್ಲಾರ್ಕ್ ವರದಿ ಪ್ರಕಟವಾದ 2008ರ ಡಿಸೆಂಬರ್‌ನಲ್ಲೇ, ಮುಂಬೈ ದಾಳಿಯ ಬೆನ್ನಲ್ಲಿ, ಅವರದೇ ಸರ್ಕಾರ ಭಯೋತ್ಪಾದನೆಯ ವಿರುದ್ಧ ಬಳಸುವ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ (ಯುಎಪಿಎ) ತಿದ್ದುಪಡಿ ತಂದು, ಆರೋಪಪಟ್ಟಿಯಿಲ್ಲದೆ 180 ದಿನ ಸೆರೆಯಲ್ಲಿಡಲು ಅವಕಾಶ ಮಾಡಿಕೊಟ್ಟಿತು. 2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ಮುಸ್ಲಿಂ ಯುವ ಪತ್ರಕರ್ತರೊಬ್ಬರು ಮನೆಗೆ ಮರಳಿದ್ದು 2013ರ ಫೆಬ್ರವರಿ ಕೊನೆಯಲ್ಲಿ, ಆರೋಪಪಟ್ಟಿಯಲ್ಲಿ ಅವರ ಹೆಸರೇ ಇಲ್ಲವೆಂದು ಗೊತ್ತಾದ ಮೇಲೆ.