ಕಪ್ಪಗಲ್ಲಿನ ಹೋರಿಗೆ ಕ್ಯಾನ್ವಾಸ್ ಕಟ್ಟಿದ ಭಾನುವಾರ

ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ಸಿಕ್ಕಷ್ಟು ಸಲೀಸಾಗಿ ಚಿತ್ರದ ಕ್ಯಾನ್ವಾಸ್ ಸಿಗುವುದಿಲ್ಲ. ಅಂಗಡಿಗಳಲ್ಲಿ ಇರುವುದು ಮಕ್ಕಳ ಸ್ಪರ್ಧೆಗೆ ಒಯ್ಯುವಂಥ ಪುಟ್ಟ ಪುಟ್ಟ ಬೋರ್ಡುಗಳು. ಊರ ಹೊರಗಿನ ಕಪ್ಪಗಲ್ಲಿನ ಬಂಡೆಗಳ ಮೇಲಿರುವ ಹಳೇ ಕಾಲದ ಹೋರಿಗಳನ್ನು ಬಿಡಿಸಲು ನನಗೆ ಬೇಕಿದ್ದದ್ದು ಆರಡಿ ಉದ್ದ, ನಾಲ್ಕಡಿ ಎತ್ತರದ್ದು. ಬೆಂಗಳೂರಿನಿಂದ ತರಿಸಬಹುದಿತ್ತು. ಆದರೆ ಅಷ್ಟು ದೊಡ್ಡ ಚೌಕಟ್ಟಿಗೆ ಸಾಗಣೆ ಖರ್ಚೇ ಜಾಸ್ತಿ. ಮನೆಯಲ್ಲೇ ಕಟ್ಟೋಣ ಅಂತ ಮೇ ತಿಂಗಳ ಒಂದು ಭಾನುವಾರ ಕೈ ಹಾಕಿದೆ.

ಬಟ್ಟೆ ಆರಿಸಲು ನಮ್ಮ ಓಣಿಯ ಟೇಲರ್ ಅಣ್ಣ ಹಿಂದಿನ ದಿನವೇ ಜೊತೆಗೆ ಬಂದಿದ್ದ. ಅವನು ಹಗಲೆಲ್ಲ ಜೀನ್ಸ್ ಹೊಲಿಯುವವನು. 'ಅಕ್ಕಾ, ಬಿಳಿ ಡೆನಿಮ್ ತಗೊಳ್ರಿ, ಗಟ್ಟಿ ಇರ್ತದೆ' ಅಂದ. ಗಟ್ಟಿ ನಿಜ. ಆದರೆ ಡೆನಿಮ್ ನೇಯ್ಗೆ ಓರೆ ಗೆರೆಯದ್ದು. ಚೌಕಟ್ಟಿಗೆ ಎಳೆದು ಕಟ್ಟುವಾಗ ಬಟ್ಟೆ ಓರೆಯಾಗಿ ಜಗ್ಗುತ್ತದೆ, ಆ ಗೆರೆಗಳು ಬಣ್ಣದ ಕೆಳಗೂ ಕಾಣುತ್ತವೆ. ನನಗೆ ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಹಾಯುವ ಸಾದಾ ನೇಯ್ಗೆ ಬೇಕಿತ್ತು. ಕೊನೆಗೆ ಚೀಲ ಹೊಲಿಯಲು ಇಟ್ಟಿದ್ದ ಕೋರಾ ಹತ್ತಿ ಬಟ್ಟೆಯ ಥಾನು ಸಿಕ್ಕಿತು. ತೂಕ ಚದರ ಗಜಕ್ಕೆ 10 ಔನ್ಸ್, ಪನ್ನ ಅಂದರೆ ಅಗಲ 58 ಇಂಚು. ನಾಲ್ಕಡಿ ಅಂದರೆ 48 ಇಂಚು. ಎರಡೂ ಕಡೆ ಹಿಂದಕ್ಕೆ ಮಡಚಲು ನಾಲ್ಕು ನಾಲ್ಕು ಇಂಚು ಬಿಟ್ಟರೂ ಸಾಕಾಗುತ್ತದೆ. ಔನ್ಸ್ ಲೆಕ್ಕ ಜೀನ್ಸ್‌ನವರಿಗೂ ಅದೇ, ಚಿತ್ರದವರಿಗೂ ಅದೇ. ಹಾಗಾಗಿ ನಮ್ಮಿಬ್ಬರಿಗೂ ಮಾತು ಬೇಗ ಕುದುರಿತು.

ಮಗ್ಗಕ್ಕೆ ಏರಿಸುವ ನೂಲಿಗೆ ಗಂಜಿ ಹಾಕಿರುತ್ತಾರೆ. ಅದು ಹಾಗೇ ಉಳಿದರೆ ಮೇಲೆ ಹಚ್ಚುವ ಅಂಟು ಎಳೆಯೊಳಗೆ ಇಳಿಯುವುದಿಲ್ಲ. ಗಂಜಿ ಇದೆಯೋ ಇಲ್ಲವೋ ನೋಡಲು ಸುಲಭ ಉಪಾಯವಿದೆ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ತೊಟ್ಟು ಬಟ್ಟೆಯ ಅಂಚಿಗೆ ಹಾಕಿದರೆ ಆಯಿತು. ಕಂದಾಗಿಯೇ ಉಳಿದರೆ ಗಂಜಿ ಇಲ್ಲ, ಕಡುನೀಲಿಯಾದರೆ ಇದೆ. ನಮ್ಮದು ಕ್ಷಣದಲ್ಲಿ ನೀಲಿಯಾಯಿತು. ಟೇಲರ್ ಅಣ್ಣನಿಗೆ ಇದು ಎಷ್ಟು ಹಿಡಿಸಿತೆಂದರೆ ತನ್ನ ಅಂಗಿಯ ಕಾಲರಿಗೂ ಒಂದು ತೊಟ್ಟು ಹಾಕಿಸಿಕೊಂಡ. ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ, ಒಗೆದು, ಮಾಳಿಗೆ ಮೇಲೆ ಹರವಿದೆ. ಬಳ್ಳಾರಿ ಬಿಸಿಲಿಗೆ ಒಣಗಲು ಎಷ್ಟೊತ್ತು ಬೇಕು ಹೇಳಿ!

ಚೌಕಟ್ಟನ್ನು ಬಡಿಗೇರರು ಬೆಳಿಗ್ಗೆಯೇ ತಂದರು. ಪಟ್ಟಿಯ ಒಳ ಅಂಚನ್ನು ಇಳಿಜಾರಾಗಿ ಹೆರೆಯಿರಿ ಅಂತ ಮೊದಲೇ ಹೇಳಿದ್ದೆ. ಬಟ್ಟೆ ಹೊರ ಅಂಚಿಗೆ ಮಾತ್ರ ತಾಗಬೇಕು. ಒಳ ಅಂಚಿಗೂ ತಾಗಿದರೆ ಬಣ್ಣ ಹಚ್ಚುವಾಗ ಅದರ ಗೆರೆ ಮೇಲೆ ಮೂಡುತ್ತದೆ. ಬಡಿಗೇರರು ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದರು. ಎರಡೂ ಅಳತೆ ಒಂದೇ ಬಂದರೆ ಮೂಲೆಗಳು ನೆಟ್ಟಗಿವೆ ಅಂತ ಅರ್ಥ. ಆರಡಿ ಉದ್ದಕ್ಕೆ ನಡುವೆ ಒಂದು ಅಡ್ಡಪಟ್ಟಿಯನ್ನು ಅವರೇ ಕೊಟ್ಟಿದ್ದರು. ಇಲ್ಲದಿದ್ದರೆ ಬಟ್ಟೆಯ ಬಿಗಿಗೆ ಉದ್ದನೆಯ ಪಟ್ಟಿಗಳು ಒಳಕ್ಕೆ ಬಾಗುತ್ತವೆ.

ಬಿಗಿಯುವ ಕೆಲಸಕ್ಕೆ ಅವಸರ ಆಗದು. ನಾಲ್ಕೂ ಬದಿಯ ನಡುವೆ ಒಂದೊಂದು ಪಿನ್ನು ಮೊದಲು. ಆಮೇಲೆ ನಡುವಿನಿಂದ ಮೂಲೆಯ ಕಡೆಗೆ, ಎದುರುಬದುರು. ಒಂದೇ ಬದಿ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದರೆ ಸುಕ್ಕು ಗ್ಯಾರಂಟಿ. ಎಳೆಯಲು ಟೇಲರ್ ಅಣ್ಣ, ಪಿನ್ನು ಹೊಡೆಯಲು ನಾನು.

ಮುಂದೆ ಅಂಟು. 'ಫೆವಿಕಾಲ್ ಬಳಿದರೆ ಆಗಲ್ವಾ?' ಅಂತ ಬಡಿಗೇರರು ಕೇಳಿದರು. ಬಳಿಯುವವರಿದ್ದಾರೆ. ಆದರೆ ಅದು ಮರಕ್ಕೆ ಮಾಡಿದ್ದು. ನಾನು ಚಿತ್ರದ ಬಟ್ಟೆಗೆಂದೇ ಮಾಡಿದ, ಆಮ್ಲವಿಲ್ಲದ ಪಿವಿಎ ಅನ್ನುವ ಅಂಟು ತರಿಸಿಟ್ಟಿದ್ದೆ. ಎಣ್ಣೆ ಬಣ್ಣ ಬಳಸುವವರಿಗಂತೂ ಈ ಪದರ ಬೇಕೇ ಬೇಕು. ಆ ಬಣ್ಣದಲ್ಲಿರುವ ಅಗಸೆ ಎಣ್ಣೆ ನೇರವಾಗಿ ಹತ್ತಿಗೆ ಇಳಿದರೆ ವರ್ಷಗಳು ಕಳೆದಂತೆ ಎಳೆ ಪುಡಿಯಾಗುತ್ತದೆ. ಬಡಿಗೇರರಿಗೆ ಇದು ಹೊಸದೇನೂ ಅನ್ನಿಸಲಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಮರದ ಬೊಂಬೆಗೆ ಬಣ್ಣ ಹಚ್ಚುವ ಮೊದಲು ಹುಣಸೆ ಬೀಜದ ಅಂಟಿನ ಮಿಶ್ರಣ ಮೆತ್ತುವುದನ್ನು ಅವರು ನೋಡಿದ್ದರು. 'ಮರಕ್ಕೂ ಬಟ್ಟೆಗೂ ಮೊದಲು ಅಂಟು ಕುಡಿಸ್ಬೇಕ್ರಿ, ಆಮೇಲೆ ಬಣ್ಣ' ಅಂದರು.

ಅಂಟು ಒಣಗುವಷ್ಟರಲ್ಲಿ ಕಾಗದದ ಕೆಲಸ. ಬಿಡಿಸಬೇಕಿದ್ದದ್ದು ಊರ ಹೊರಗಿನ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡದ ಹೋರಿಗಳನ್ನು. ನವಶಿಲಾಯುಗದ ಜನ ಅಲ್ಲಿ ಕಲ್ಲಿನಿಂದ ಕಲ್ಲು ಕುಟ್ಟಿ ಉದ್ದ ಕೊಂಬಿನ, ಡುಬ್ಬದ ದನಗಳನ್ನು ಮೂಡಿಸಿದ್ದಾರೆ. ಮೊದಲು ಜಲವರ್ಣದಲ್ಲಿ ಬಿಡಿಸಿ ನೋಡೋಣ ಅಂತ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹತ್ತಿ ಕಾಗದ ತೆಗೆದೆ. ಈ ಸೆಕೆಗೆ ನೀರು ಹರಡುವ ಮೊದಲೇ ಒಣಗಿ ಅಂಚು ಕಟ್ಟುತ್ತದೆ. ಅದಕ್ಕೆ ಕಾಗದದ ಬೆನ್ನನ್ನೂ ಒದ್ದೆ ಮಾಡಿ ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಅಂಟಿಸಿದೆ. ಕಲ್ಲು ನೀರು ಹೀರುವುದಿಲ್ಲ, ಹಾಗಾಗಿ ಕಾಗದ ಬಹಳ ಹೊತ್ತು ತೇವವಾಗಿರುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ದುಡ್ಡು ಕಡಿಮೆ ಇದ್ದರೆ ಬಣ್ಣದಲ್ಲಿ ಉಳಿಸಿ, ಕಾಗದದಲ್ಲಿ ಬೇಡ. ಒಳ್ಳೆ ಕಾಗದದ ಮೇಲೆ ಅಗ್ಗದ ಬಣ್ಣವೂ ನಿಲ್ಲುತ್ತದೆ. ತೆಳು ಡ್ರಾಯಿಂಗ್ ಶೀಟಿನ ಮೇಲೆ ಎಂಥ ಬಣ್ಣ ಹಾಕಿದರೂ ಅದು ಉಬ್ಬಿ, ಎರಡನೇ ಸಲ ಕುಂಚ ಎಳೆಯುವಷ್ಟರಲ್ಲಿ ನಾರು ಎದ್ದುಬಿಡುತ್ತದೆ. ಮಕ್ಕಳಿಗೆ ಅದನ್ನೇ ಕೊಟ್ಟು, 'ನಿನಗೆ ವಾಟರ್ ಕಲರ್ ಬರಲ್ಲ' ಅಂತ ಸುಮ್ನೆ ಬೈಯುತ್ತೇವೆ.

ಜೆಸ್ಸೊ, ಅಂದರೆ ಬಣ್ಣ ಹಿಡಿಯಲೆಂದು ಅಂಟಿನ ಮೇಲೆ ಕೊಡುವ ಬಿಳಿ ಲೇಪ, ಬಳಿಯಲು ಸಂಜೆಯವರೆಗೂ ಕಾದೆ. ಮಧ್ಯಾಹ್ನ ಬಳಿದರೆ ಕುಂಚ ಇನ್ನೊಂದು ತುದಿ ಮುಟ್ಟುವ ಮೊದಲೇ ಈ ತುದಿ ಒಣಗಿ ಗೀರು ಉಳಿಯುತ್ತದೆ. ಜೊತೆಗೆ ನಮ್ಮ ಊರಿನ ಕೆಂಧೂಳು. ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಲೇ ಬಳಿದೆ. ಮೊದಲನೆಯದು ಸ್ವಲ್ಪ ನೀರು ಬೆರೆಸಿ ಅಡ್ಡಕ್ಕೆ. ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಎರಡನೆಯದು ಉದ್ದಕ್ಕೆ. ಮೂರನೆಯದಕ್ಕೆ ಮಾತ್ರ ಕಪ್ಪು ಮತ್ತು ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಅಕ್ರಿಲಿಕ್ ಬಣ್ಣಗಳನ್ನು ಕಲಸಿದೆ.

'ಇಷ್ಟೊತ್ತು ಬೆಳ್ಳಗೆ ಮಾಡಿ ಈಗ ಮಸಿ ಬಳೀತೀರಲ್ಲಕ್ಕಾ!' ಅಂದ ಟೇಲರ್ ಅಣ್ಣ. ಫೋನಿನಲ್ಲಿದ್ದ ಹೋರಿಗಳ ಫೋಟೊ ತೋರಿಸಿದೆ. ಸುತ್ತಲೂ ಗ್ರಾನೈಟ್ ಬಂಡೆಗಳು ಬೇಕಾದಷ್ಟಿವೆ. ಆದರೂ ಆ ಕಾಲದ ಜನ ಕುಟ್ಟಿದ್ದು ಗುಡ್ಡದಲ್ಲಿ ಹಾದುಹೋಗುವ ಕಪ್ಪು ಡೋಲರೈಟ್ ಕಲ್ಲಿನ ಮೇಲೆ. ಅದರ ಮೇಲ್ಪದರ ಕಪ್ಪು. ಕುಟ್ಟಿದ ಕಡೆ ತಿಳಿಬಣ್ಣ ಕಾಣುತ್ತದೆ. ಅದನ್ನು ನೋಡಿಯೇ ಕಲ್ಲು ಆರಿಸಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಬೆಳ್ಳನೆ ಬಟ್ಟೆಯ ಮೇಲೆ ಕಪ್ಪು ಹೋರಿ ಬರೆದರೆ ಅವರು ಮಾಡಿದ್ದರ ತಿರುಗುಮುರುಗಾಗುತ್ತದೆ. ನಾನು ಕತ್ತಲಿಂದ ಶುರು ಮಾಡಿ ತಿಳಿಬಣ್ಣವನ್ನು ಮೇಲೆ ತರಬೇಕು.

ಅವನು ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದ. 'ಹೌದಲ್ರೀ' ಅಂದ. ಆಮೇಲೆ ಉಳಿದ ಕೋರಾ ತುಂಡನ್ನು ಮಡಚುತ್ತಾ, ಇದರಲ್ಲಿ ಎರಡು ಚೀಲ ಆಗುತ್ತವೆ, ಒಂದು ಮಗಳಿಗೆ ಅಂದ. ಇನ್ನೊಂದು ನನಗೆ, ಅಗಲ 24 ಇಂಚು ಇರಲಿ ಅಂದೆ. ಜಲವರ್ಣ ಕಾಗದದ ಪೂರ್ತಿ ಹಾಳೆಯ ಅಗಲ 22 ಇಂಚು, ಮಡಚದೆ ಒಯ್ಯಬೇಕಲ್ಲ.